ಒಂದೇ ಬಾಯಿ, ಮೂರು ಬೈಟ್ ರೆಕಾರ್ಡ್, ಮೂರು ಉತ್ತರ: ಆರ್ಟಿಕ್ಯುಲೇಟರ್ ಮೇಲೆ ಯಾವುದನ್ನು ನಂಬೋದು?

ಮಂಡೆಬಿಸಿ_ಡಾಕ್ಟರ್:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಒಬ್ಬ ಪೇಷಂಟ್‌ಗೆ ಮೇಲಿನ ದವಡೆಯ ಎರಡೂ ಬದಿಗೆ ಹಿಂದಿನ ಹಲ್ಲುಗಳಿಗೆ ಕ್ರೌನ್ ಮಾಡಬೇಕಿದೆ. ಹಲ್ಲು ಚೆನ್ನಾಗಿ ಸವೆದಿದೆ. ಕಚ್ಚಿದಾಗ ಒಂದೊಂದು ಸಲ ಒಂದೊಂದು ಕಡೆ ಕೂರುತ್ತದೆ. ಅದಕ್ಕೆ ಸೆಂಟ್ರಿಕ್ ರಿಲೇಷನ್‌ನಲ್ಲೇ (ಹಲ್ಲು ಹೇಗೇ ಕೂತರೂ ಕೀಲಿನಲ್ಲಿ ದವಡೆ ಮರಳಿ ಬರುವ ಜಾಗ) ಮಾಡೋಣ ಎಂದುಕೊಂಡೆ. ಹಲ್ಲು ಇನ್ನೂ ಕೊರೆದಿಲ್ಲ, ಸದ್ಯಕ್ಕೆ ಡಯಾಗ್ನೋಸ್ಟಿಕ್ ಕಾಸ್ಟ್ (ಪರೀಕ್ಷೆಗೆಂದು ಮಾಡಿದ ಹಲ್ಲಿನ ಮಾದರಿ) ಹಂತದಲ್ಲಿದ್ದೇನೆ. ಫೇಸ್‌ಬೋ (ದವಡೆ ಕೀಲಿನಿಂದ ಮೇಲಿನ ಹಲ್ಲು ಎಲ್ಲಿದೆ ಎಂದು ಅಳೆಯುವ ಚೌಕಟ್ಟು) ತೆಗೆದುಕೊಂಡು ಮೇಲಿನ ಕಾಸ್ಟನ್ನು ಆರ್ಟಿಕ್ಯುಲೇಟರ್‌ಗೆ, ಅಂದರೆ ದವಡೆಯ ಚಲನೆ ಅನುಕರಿಸುವ ಉಪಕರಣಕ್ಕೆ, ಪ್ಲಾಸ್ಟರಿನಿಂದ ಮೌಂಟ್ ಮಾಡಿದೆ. ಆಮೇಲೆ ಒಂದೇ ಸಿಟ್ಟಿಂಗ್‌ನಲ್ಲಿ ಬೈಟ್ ಸಿಲಿಕೋನ್‌ನಿಂದ ಮೂರು ರೆಕಾರ್ಡ್ (ಎರಡು ದವಡೆ ಹೇಗೆ ಸೇರುತ್ತವೆ ಎಂಬುದರ ಅಚ್ಚು) ತೆಗೆದೆ. ಮೊದಲನೆಯದನ್ನು ಇಟ್ಟು ಕೆಳಗಿನ ಕಾಸ್ಟ್ ಮೌಂಟ್ ಮಾಡಿದೆ. ಸೆಮಿ ಅಡ್ಜಸ್ಟಬಲ್ ಆರ್ಕಾನ್ ಆರ್ಟಿಕ್ಯುಲೇಟರ್.

ಇಲ್ಲಿಯವರೆಗೆ ಎಲ್ಲಾ ಸರಿ. ಆಮೇಲೆ ಸುಮ್ನೆ ಇರಲಾರದೆ ಎರಡನೇ ರೆಕಾರ್ಡ್ ಇಟ್ಟು ನೋಡಿದೆ. ಸೆಂಟ್ರಿಕ್ ಲಾಕ್ (ಗುಂಡನ್ನು ಗೂಡಿನಲ್ಲೇ ಹಿಡಿದಿಡುವ ಬೀಗ) ಬಿಚ್ಚಿದ ತಕ್ಷಣ ಬಲಗಡೆಯ ಕಾಂಡೈಲ್ ಗುಂಡು (ದವಡೆ ಕೀಲಿನ ತಲೆಯ ಬದಲಿಗಿರುವುದು) ತನ್ನ ಗೂಡಿನಿಂದ ಸ್ವಲ್ಪ ಮುಂದಕ್ಕೆ ಬಂತು. ಮೂರನೆಯದನ್ನು ಇಟ್ಟರೆ ಎರಡೂ ಗುಂಡು ಕೆಳಗಿಳಿದವು. ಈಗ ಯಾವುದು ನಿಜ? ಒಂದನ್ನೇ ತೆಗೆದಿದ್ದರೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ನೀವು ಹೇಗೆ ಚೆಕ್ ಮಾಡುತ್ತೀರಿ, ಎಷ್ಟು ವ್ಯತ್ಯಾಸ ಇದ್ದರೆ ಬಿಟ್ಟುಬಿಡುತ್ತೀರಿ?

ಲ್ಯಾಬ್_ಮೂಲೆ:
ಡಾಕ್ಟ್ರೇ, ರೆಕಾರ್ಡ್ ತಪ್ಪು ಅನ್ನುವ ಮೊದಲು ಅದು ಕಾಸ್ಟ್ ಮೇಲೆ ನಿಜವಾಗಿ ಕೂತಿದೆಯಾ ನೋಡಿ. ನಮ್ಮ ಬೆಂಚಿಗೆ ಬರುವ ಸಿಲಿಕೋನ್ ರೆಕಾರ್ಡುಗಳಲ್ಲಿ ಜಾಸ್ತಿ ಗಲಾಟೆ ಇಲ್ಲೇ.

ಸಿಲಿಕೋನ್ ಹಲ್ಲಿನ ಒಂದೊಂದು ಗೀರನ್ನೂ ಎತ್ತಿಕೊಳ್ಳುತ್ತದೆ. ನಿಮ್ಮ ಕಾಸ್ಟ್ ಅಲ್ಜಿನೇಟ್ ಅಳತೆಯಿಂದ ಬಂದಿದ್ದರೆ ಆ ಗೀರುಗಳು ಅಷ್ಟು ಚೂಪಾಗಿ ಇರುವುದಿಲ್ಲ. ಬಾಯಲ್ಲಿ ಗುಳಿಯ ತಳದವರೆಗೆ ಹೋದ ಸಿಲಿಕೋನ್ ಕಾಸ್ಟ್ ಮೇಲೆ ಅರ್ಧದಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕೂತ ಹಾಗೇ ಕಾಣುತ್ತದೆ, ಕೂತಿರುವುದಿಲ್ಲ. ಇನ್ನು ರೆಕಾರ್ಡಿನ ಅಂಚು ವಸಡಿನ ಮೇಲೆ ಹರಿದಿದ್ದರೆ ಕತೆ ಮುಗಿಯಿತು. ಬಾಯಲ್ಲಿ ವಸಡು ಒತ್ತಿಕೊಂಡು ಜಾಗ ಬಿಡುತ್ತದೆ, ಕಾಸ್ಟಿನ ಗಟ್ಟಿ ಸ್ಟೋನ್ ಬಿಡುತ್ತದಾ?

ಹರಿತವಾದ ಬ್ಲೇಡ್ ತಗೊಂಡು ಹಲ್ಲಿನ ಮೊನೆಗಳ ಗುರುತು ಮಾತ್ರ ಉಳಿಯುವ ಹಾಗೆ ಕೊಯ್ಯಿರಿ. ಗುಳಿಯೊಳಗಿನ ಸಿಲಿಕೋನ್ ಏಣುಗಳನ್ನು ತೆಗೆಯಿರಿ. ಕೆನ್ನೆಯ ಕಡೆ ಪೂರ್ತಿ ಕತ್ತರಿಸಿ, ಮೊನೆ ಗುರುತಿನೊಳಗೆ ಕೂರುವುದು ಪಕ್ಕದಿಂದ ಕಣ್ಣಿಗೆ ಕಾಣಬೇಕು. ಹಾಗೇ ಕಾಸ್ಟಿನ ಮೇಲೆ ಗುಳ್ಳೆಯಿಂದಾದ ಸಣ್ಣ ಉಬ್ಬುಗಳು ಇವೆಯಾ ಲೂಪ್ (ಭೂತಗನ್ನಡಿ) ಹಾಕಿಕೊಂಡು ಹುಡುಕಿ. ದವಡೆ ಹಲ್ಲಿನ ಗುಳಿಯಲ್ಲಿ ಒಂದು ಉಬ್ಬು ಉಳಿದರೂ ಮೂರಲ್ಲ, ಮೂವತ್ತು ರೆಕಾರ್ಡ್ ತೆಗೆದರೂ ಪ್ರಯೋಜನ ಇಲ್ಲ.

ಪಿಜಿ_ಪರದಾಟ:
ನಮಗೆ ಇನ್ನೂ ಮೇಣವೇ ಗತಿ. ಅದು ಅಷ್ಟು ಕೆಟ್ಟದ್ದಾ ಸರ್?

ದವಡೆ_ದನಿ:
@ಪಿಜಿ_ಪರದಾಟ ಮೇಣ ಕೆಟ್ಟದ್ದಲ್ಲ, ಅದಕ್ಕೆ ಕಾಯುವ ತಾಳ್ಮೆ ಇಲ್ಲ ಅಷ್ಟೇ. ಬಿಸಿ ಮಾಡಿ ಬಗ್ಗಿಸಿದಾಗ ಒಳಗೆ ಒತ್ತಡ ಉಳಿದುಕೊಳ್ಳುತ್ತದೆ, ಇಟ್ಟಲ್ಲೇ ನಿಧಾನಕ್ಕೆ ಅದು ಬಿಟ್ಟುಕೊಂಡು ಆಕಾರ ಬದಲಾಗುತ್ತದೆ. ಬಾಯಿಂದ ತೆಗೆಯುವಾಗಲೂ ಸೊಟ್ಟ ಆಗಬಹುದು. ಗಟ್ಟಿ ಮೇಣ ಅಥವಾ ಅಲ್ಯೂಮಿನಿಯಂ ಪುಡಿ ಬೆರೆಸಿದ ಮೇಣ ಬಳಸಿ, ಚೆನ್ನಾಗಿ ತಣ್ಣಗೆ ಮಾಡಿ ತೆಗೆಯಿರಿ, ಆಗಲೇ ಮೌಂಟ್ ಮಾಡಿ. ಕವರಿಗೆ ಹಾಕಿ ನಾಳೆ ಲ್ಯಾಬಿಗೆ ಕಳಿಸುವ ಅಭ್ಯಾಸ ಇದ್ದರೆ ಮೇಣದ ಆಸೆ ಬಿಡಿ.

ಅಡಿಷನ್ ಸಿಲಿಕೋನ್ ದಿನಗಟ್ಟಲೆ ಇಟ್ಟರೂ ಅಳತೆ ಕೆಡುವುದಿಲ್ಲ. ಆದರೆ ಅದಕ್ಕೆ ಸ್ಪ್ರಿಂಗ್ ಗುಣ ಇದೆ. ಕಾಸ್ಟುಗಳನ್ನು ಬಿಗಿಯಾಗಿ ಒತ್ತಿದರೆ ಅದುಮಿಕೊಳ್ಳುತ್ತದೆ, ಬಿಟ್ಟರೆ ಎಬ್ಬಿಸುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಬಿಗಿದು ಮೌಂಟ್ ಮಾಡುವವರು ಇದನ್ನು ಮರೆಯಬೇಡಿ. ಪಾಲಿಈಥರ್ ಗಟ್ಟಿಯಾಗಿರುತ್ತದೆ, ಆದರೆ ನೀರು ಹೀರುತ್ತದೆ, ಒಣಗಿದ ಜಾಗದಲ್ಲೇ ಇಡಬೇಕು. ಜಿಂಕ್ ಆಕ್ಸೈಡ್ ಯುಜಿನಾಲ್ ಪೇಸ್ಟ್ ಗುರುತು ಅದ್ಭುತವಾಗಿ ಕೊಡುತ್ತದೆ, ಆದರೆ ಚಕ್ಕೆ ಎದ್ದು ಹೋಗುತ್ತದೆ.

ಸ್ಕ್ಯಾನರ್_ಪ್ರೇಮಿ:
ಮೇಣ, ಪ್ಲಾಸ್ಟರ್, ಬ್ಲೇಡು... ಇನ್ನೂ ಯಾವ ಕಾಲದಲ್ಲಿದ್ದೀರಿ ಸ್ವಾಮಿ? ಸ್ಕ್ಯಾನ್ ಮಾಡಿ, ಬೈಟ್ ಸ್ಕ್ಯಾನ್ ಮಾಡಿ, ಮುಗಿಯಿತು.

ಲ್ಯಾಬ್_ಮೂಲೆ:
ಬಂದ್ರಾ? ನಿಮಗೇ ಕಾಯುತ್ತಿದ್ದೆ 😄 ಮೊದಲು ಡಾಕ್ಟರ ಪ್ರಶ್ನೆ ಮುಗಿಯಲಿ, ಆಮೇಲೆ ನಿಮ್ಮ ಕಡೆ ಬರುತ್ತೇನೆ.

ಹಳೇ_ಪ್ರಾಸ್ತೋ:
ಪಾಠ ಮಾಡಿ ಮಾಡಿ ಅಭ್ಯಾಸ, ಉದ್ದ ಆದರೆ ಸಹಿಸಿಕೊಳ್ಳಿ.

ಇಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳು ಒಂದಕ್ಕೊಂದು ಕಲಸಿಹೋಗಿವೆ. ಮೌಂಟಿಂಗ್ ಸರಿಯಾಯಿತಾ ಅನ್ನುವುದು ಒಂದು. ರೆಕಾರ್ಡ್ ಸರಿಯಿದೆಯಾ ಅನ್ನುವುದು ಇನ್ನೊಂದು. ಮೌಂಟ್ ಮಾಡಿದ ಅದೇ ರೆಕಾರ್ಡನ್ನು ಪ್ಲಾಸ್ಟರ್ ಗಟ್ಟಿಯಾದ ಮೇಲೆ ಮತ್ತೆ ಇಟ್ಟಾಗ ಅದು ಕೂರಬೇಕು, ಗುಂಡುಗಳು ಗೂಡಿನಲ್ಲೇ ಇರಬೇಕು. ಇದು ಮೌಂಟಿಂಗ್ ಪರೀಕ್ಷೆ. ಇದರಲ್ಲಿ ಪಾಸಾದರೆ ಪ್ಲಾಸ್ಟರ್ ಎಳೆದಿಲ್ಲ, ಕಾಸ್ಟ್ ಜಾರಿಲ್ಲ ಎಂದು ಗೊತ್ತಾಗುತ್ತದೆ. ರೆಕಾರ್ಡಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಒಂದು ರೆಕಾರ್ಡ್ ತನ್ನ ಬಗ್ಗೆ ತಾನೇ ಸಾಕ್ಷಿ ಹೇಳಲಾರದು. ಎಷ್ಟೋ ಜನ ಮೊದಲ ಪರೀಕ್ಷೆ ಮಾಡಿ ಎರಡನೆಯದೂ ಆಯಿತು ಅಂದುಕೊಳ್ಳುತ್ತಾರೆ.

ರೆಕಾರ್ಡ್ ಪರೀಕ್ಷೆಗೆ ಸ್ಪ್ಲಿಟ್ ಕಾಸ್ಟ್ ಹಳೆಯ ದಾರಿ, ನನಗೆ ಇವತ್ತಿಗೂ ಅದೇ ಇಷ್ಟ. ಮೇಲಿನ ಕಾಸ್ಟಿನ ತಳದಲ್ಲಿ ಇಳಿಜಾರಾದ ಕಚ್ಚುಗಳನ್ನು ಕೊರೆದು, ಸೆಪರೇಟಿಂಗ್ ಮೀಡಿಯಂ (ಅಂಟದಂತೆ ಮಾಡುವ ಲೇಪ) ಹಚ್ಚಿ ಮೌಂಟ್ ಮಾಡಬೇಕು. ಹೀಗಾದರೆ ಕಾಸ್ಟನ್ನು ಮೌಂಟಿಂಗ್ ಪ್ಲಾಸ್ಟರಿನಿಂದ ಬಿಡಿಸಬಹುದು, ಮತ್ತೆ ಅಲ್ಲೇ ಕೂರಿಸಬಹುದು. ಮೊದಲನೇ ರೆಕಾರ್ಡಿನಲ್ಲಿ ಕೆಳಗಿನ ಕಾಸ್ಟ್ ಮೌಂಟ್ ಆದ ಮೇಲೆ ಮೇಲಿನದನ್ನು ಬಿಡಿಸಿ. ಎರಡನೇ ರೆಕಾರ್ಡ್ ನಡುವೆ ಇಟ್ಟು ಎರಡು ಕಾಸ್ಟುಗಳನ್ನು ಜೋಡಿಸಿ. ಸೆಂಟ್ರಿಕ್ ಲಾಕ್ ಹಾಕಿ, ಇನ್ಸೈಸಲ್ ಪಿನ್ (ಮುಂದುಗಡೆ ಎತ್ತರ ಹಿಡಿಯುವ ಸರಳು) ಅಡ್ಡ ಬರದ ಹಾಗೆ ಎತ್ತಿ, ಮೇಲಿನ ತೋಳನ್ನು ನಿಧಾನಕ್ಕೆ ಇಳಿಸಿ. ಪ್ಲಾಸ್ಟರಿನ ಏಣು ಕಾಸ್ಟಿನ ಕಚ್ಚಿನೊಳಗೆ ಸಂದಿಲ್ಲದೆ ಕೂತರೆ ಎರಡು ರೆಕಾರ್ಡುಗಳು ಒಂದೇ ಮಾತು ಹೇಳುತ್ತಿವೆ. ಸಂದು ಉಳಿದರೆ ಅದು ಯಾವ ಕಡೆ, ಎಷ್ಟು ಅಗಲ ಎಂದು ನೋಡಿ. ಹಿಂದೆಯಾ, ಮುಂದೆಯಾ, ಒಂದೇ ಬದಿಗಾ. ಸಂದಿನ ಜಾಗವೇ ಅರ್ಧ ಕತೆ ಹೇಳುತ್ತದೆ.

ಮೂರರಲ್ಲಿ ಎರಡು ಹೊಂದಿಕೊಂಡರೆ ಆ ಎರಡನ್ನು ಇಟ್ಟುಕೊಂಡು ಮೂರನೆಯದನ್ನು ಬಿಡುತ್ತೇನೆ. ಮೂರೂ ಮೂರು ದಿಕ್ಕಿಗೆ ಹೋದರೆ ತಪ್ಪು ಸಿಲಿಕೋನಿನದ್ದಲ್ಲ. ಪೇಷಂಟಿನ ಸ್ನಾಯು ಇನ್ನೂ ಬಿಗಿಯಾಗಿದೆ, ಅಥವಾ ದವಡೆಯನ್ನು ಹಿಡಿದು ತಿರುಗಿಸುವ ಕೈ ಒಂದೇ ತರ ಇಲ್ಲ.

ಮಂಡೆಬಿಸಿ_ಡಾಕ್ಟರ್:
ಸರ್, ಸ್ಪ್ಲಿಟ್ ಕಾಸ್ಟ್ ಮಾಡಿರಲಿಲ್ಲ. ಲಾಕ್ ಬಿಚ್ಚಿ ಗುಂಡು ನೋಡಿದ್ದು ಅಷ್ಟೇ. ಅದು ಸಾಲದಾ?

ಹಳೇ_ಪ್ರಾಸ್ತೋ:
ಅದೂ ಒಂದು ದಾರಿಯೇ, ತಪ್ಪಲ್ಲ. ಆರ್ಕಾನ್ ಉಪಕರಣದಲ್ಲಿ ಗುಂಡು ಕೆಳಗಿನ ತೋಳಿನಲ್ಲಿರುತ್ತದೆ, ಹಾಗಾಗಿ ಗೂಡಿನಿಂದ ಎಷ್ಟು ಸರಿಯಿತು ಎಂದು ಕಾಣುತ್ತದೆ. ಆದರೆ ಲಾಕ್ ಬಿಚ್ಚಿದಾಗ ಮೇಲಿನ ತೋಳಿನ ಭಾರ ಮತ್ತು ನಿಮ್ಮ ಕೈ ಒತ್ತಡವೇ ಗುಂಡನ್ನು ಆಚೀಚೆ ಮಾಡಬಹುದು. ಸಣ್ಣ ವ್ಯತ್ಯಾಸ ಬರೀ ಕಣ್ಣಿಗೆ ಸಿಗುವುದೂ ಇಲ್ಲ. ಗುಂಡಿಗೂ ಗೂಡಿಗೂ ನಡುವೆ ಶಿಮ್‌ಸ್ಟಾಕ್ (ತೀರಾ ತೆಳುವಾದ ಹಾಳೆ) ಇಟ್ಟು ಎಳೆದು ನೋಡಿ, ಅದು ಕಣ್ಣಿಗಿಂತ ವಾಸಿ.

ಇದನ್ನೇ ಅಚ್ಚುಕಟ್ಟಾಗಿ ಅಳೆಯಲು ವೆರಿಚೆಕ್, ಸಿಪಿಐ, ಎಂಪಿಐ ಅಂತ ಉಪಕರಣಗಳಿವೆ. ಗುಂಡಿನ ಜಾಗದಲ್ಲಿ ಸೂಜಿ, ಪಕ್ಕದಲ್ಲಿ ಗ್ರಾಫ್ ಹಾಳೆ. ಪ್ರತಿ ರೆಕಾರ್ಡಿಗೂ ಒಂದೊಂದು ಚುಕ್ಕೆ ಬೀಳುತ್ತದೆ. ಚುಕ್ಕೆಗಳು ಒಂದರ ಮೇಲೊಂದು ಬಿದ್ದರೆ ಒಳ್ಳೆಯದು, ಚದುರಿದರೆ ಎಷ್ಟು, ಯಾವ ದಿಕ್ಕಿಗೆ ಎಂದು ಅಳೆದೇ ಹೇಳಬಹುದು. ಇಲ್ಲದಿದ್ದರೂ ಸ್ಪ್ಲಿಟ್ ಕಾಸ್ಟ್ ಸಾಕು.

ಗಣಿತ_ಗೀಳು:
ರೆಕಾರ್ಡಿನ ದಪ್ಪದ ಬಗ್ಗೆ ಯಾರೂ ಮಾತಾಡಿಲ್ಲ. ಮೂರೂ ಒಂದೇ ದಪ್ಪ ಇತ್ತಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಫೇಸ್‌ಬೋ ಸಾಮಾನ್ಯವಾಗಿ ಕಿವಿಯ ತೂತನ್ನು ಆಧರಿಸಿದ ಅಂದಾಜಿನ ಅಕ್ಷ ಕೊಡುತ್ತದೆ. ನಿಜವಾದ ಹಿಂಜ್ ಅಕ್ಷ (ದವಡೆ ತಿರುಗುವ ಗೆರೆ) ಅದರಿಂದ 5 ಮಿಮೀ ಆಚೆ ಇರಬಹುದು ಎಂದುಕೊಳ್ಳಿ. ದವಡೆ ಹಲ್ಲಿನ ಬಳಿ ರೆಕಾರ್ಡ್ 3 ಮಿಮೀ ದಪ್ಪ. ಅಕ್ಷದಿಂದ ಆ ಹಲ್ಲಿಗೆ ಸುಮಾರು 75 ಮಿಮೀ. 3 ಭಾಗಿಸು 75 ಅಂದರೆ 0.04 ರೇಡಿಯನ್, ಎರಡೂಕಾಲು ಡಿಗ್ರಿ ಹತ್ತಿರ. ಇದನ್ನು 5ರಿಂದ ಗುಣಿಸಿದರೆ 0.2 ಮಿಮೀ. ಅಂದರೆ ರೆಕಾರ್ಡ್ ತೆಗೆದು ಆರ್ಟಿಕ್ಯುಲೇಟರ್ ಮುಚ್ಚಿದಾಗ ಹಲ್ಲು 0.2 ಮಿಮೀ ತಪ್ಪು ಜಾಗಕ್ಕೆ ಬರುತ್ತದೆ. ರೆಕಾರ್ಡ್ ಚಿನ್ನದಂಥದ್ದಾಗಿದ್ದರೂ ಅಷ್ಟೇ. ಶಿಮ್‌ಸ್ಟಾಕ್ 8 ಮೈಕ್ರಾನ್. ಅದರ 25 ಪಟ್ಟು ಇದು.

ಅಕ್ಷ ಮೇಲೆ ಕೆಳಗೆ ತಪ್ಪಿದ್ದರೆ ಹಲ್ಲು ಹಿಂದೆ ಮುಂದೆ ಜಾರುತ್ತದೆ. ಅಕ್ಷ ಹಿಂದೆ ಮುಂದೆ ತಪ್ಪಿದ್ದರೆ ಹಲ್ಲು ಎತ್ತರದಲ್ಲಿ ಮೋಸ ಮಾಡುತ್ತದೆ. ಮೂರು ರೆಕಾರ್ಡ್ ಮೂರು ದಪ್ಪ ಇದ್ದರೆ ಸ್ಪ್ಲಿಟ್ ಕಾಸ್ಟ್‌ನಲ್ಲಿ ಸಂದು ಕಾಣುವುದು ಸಹಜ, ಬಾಯಲ್ಲಿ ದವಡೆ ಮೂರು ಸಲವೂ ಒಂದೇ ಅಕ್ಷದ ಮೇಲೆ ತಿರುಗಿದ್ದರೂ ಸಹ.

ಮಂಡೆಬಿಸಿ_ಡಾಕ್ಟರ್:
ಅಯ್ಯೋ. ಒಂದೇ ದಪ್ಪ ಇರಲಿಲ್ಲ. ಮೂರನೆಯದು ನೋಡಿದರೇ ಗೊತ್ತಾಗುತ್ತದೆ, ಉಳಿದೆರಡಕ್ಕಿಂತ ದಪ್ಪ.

ಲ್ಯಾಬ್_ಮೂಲೆ:
ಹಾಗಾದರೆ ಎರಡೂ ಗುಂಡು ಇಳಿದಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಪಾಪ ಆ ರೆಕಾರ್ಡನ್ನು ಸುಮ್ನೆ ಬೈದಿರಿ.

ಪಿಜಿ_ಪರದಾಟ:
ಒಂದೇ ದಪ್ಪ ಬರಿಸುವುದು ಹೇಗೆ? ಪೇಷಂಟ್ ಒಂದೊಂದು ಸಲ ಒಂದೊಂದು ತರ ಮುಚ್ಚುತ್ತಾರಲ್ವಾ.

ದವಡೆ_ದನಿ:
ಮುಂದಿನ ಹಲ್ಲಿನಲ್ಲಿ ಒಂದು ತಡೆ ಬೇಕು. ಲೂಸಿಯಾ ಜಿಗ್ (ಮುಂದಿನ ಹಲ್ಲಿಗೆ ಹಾಕುವ ಅಕ್ರಿಲಿಕ್ ತುಂಡು) ಅಥವಾ ಲೀಫ್ ಗೇಜ್ (ತೆಳು ಹಾಳೆಗಳ ಕಟ್ಟು). ಲೀಫ್ ಗೇಜಿನ ಹಾಳೆಗಳನ್ನು ಒಂದೊಂದೇ ಸೇರಿಸುತ್ತಾ ಹೋಗಿ, ಹಿಂದಿನ ಹಲ್ಲುಗಳು ಸ್ವಲ್ಪವೇ ಬಿಡುವ ಹಂತಕ್ಕೆ ನಿಲ್ಲಿಸಿ. ಪೇಷಂಟ್ ಸ್ವಲ್ಪ ಹೊತ್ತು ಹಾಗೇ ಕಚ್ಚಿ ಬಿಡುತ್ತಾ ಇರಲಿ. ಹಿಂದಿನ ಹಲ್ಲು ತಾಕದಿದ್ದರೆ ಸ್ನಾಯು ತನ್ನ ಹಳೇ ಚಾಳಿ ಬಿಡುತ್ತದೆ. ಆಮೇಲೆ ಅದೇ ತಡೆಯ ಮೇಲೆ ಮೂರು ರೆಕಾರ್ಡ್. ದಪ್ಪ ಒಂದೇ ಬರುತ್ತದೆ, ಹಿಂದಿನ ಹಲ್ಲುಗಳ ನಡುವೆ ಆದಷ್ಟೂ ತೆಳುವಾಗಿರುತ್ತದೆ. ಆದರೆ ತೂತು ಬೀಳಬಾರದು. ರೆಕಾರ್ಡಿನಲ್ಲಿ ತೂತು ಬಿದ್ದಿದೆ ಅಂದರೆ ಅಲ್ಲಿ ಹಲ್ಲಿಗೆ ಹಲ್ಲು ತಾಕಿದೆ, ತಾಕಿದ ಹಲ್ಲು ದವಡೆಯನ್ನು ತನಗೆ ಬೇಕಾದ ಕಡೆಗೆ ಎಳೆದಿದೆ.

ಸುಮ್ನೆ_ಓದೋನು:
ನಾನು ಡಾಕ್ಟರ್ ಅಲ್ಲ, ದಾರಿ ತಪ್ಪಿ ಬಂದೆ. ನನಗೆ ಕ್ರೌನ್ ಹಾಕಿದಾಗ ಆ ಹಲ್ಲು ಮೊದಲು ತಾಕುತ್ತಿತ್ತು. ನೀಲಿ ಕಾಗದ ಕಚ್ಚಿಸಿ ಕಚ್ಚಿಸಿ ತುಂಬಾ ಹೊತ್ತು ಉಜ್ಜಿದರು. ನೀವು ಹೇಳುತ್ತಿರುವುದು ಅದಕ್ಕೇ ಸಂಬಂಧಪಟ್ಟಿದ್ದಾ?

ಲ್ಯಾಬ್_ಮೂಲೆ:
ಹೌದಣ್ಣ, ಅದೇ. ಇಲ್ಲಿ ಇಷ್ಟೆಲ್ಲಾ ಕಿತ್ತಾಡುವುದು ಆ ಉಜ್ಜಾಟ ಕಡಿಮೆ ಆಗಲಿ ಅಂತಲೇ.

ದವಡೆ_ದನಿ:
ಸ್ವಲ್ಪ ಉಜ್ಜುವುದು ಮಾಮೂಲು, ಗಾಬರಿ ಬೇಡ. ಈಗಲೂ ಎತ್ತರ ಅನ್ನಿಸುತ್ತಿದ್ದರೆ ಅಥವಾ ಕಚ್ಚಿದಾಗ ನೋವಿದ್ದರೆ ಅವರ ಹತ್ತಿರವೇ ಹೋಗಿ ತೋರಿಸಿ. ಅರಿವಳಿಕೆ ಇದ್ದಾಗ ಸರಿ ಅನ್ನಿಸಿ ಆಮೇಲೆ ಎತ್ತರ ಅನ್ನಿಸುವುದು ಹೊಸದಲ್ಲ. ಕೂದಲಿಗಿಂತ ತೆಳುವಾದದ್ದು ನಡುವೆ ಸಿಕ್ಕರೂ ಸ್ವಂತ ಹಲ್ಲಿಗೆ ಗೊತ್ತಾಗುತ್ತದೆ.

ಇದರ ನೆಪದಲ್ಲಿ ಒಂದು ಮಾತು, ಯಾರಿಗೂ ಬೇಸರ ಬೇಡ. ಒಂದೇ ಕ್ರೌನ್, ಉಳಿದ ಹಲ್ಲುಗಳೆಲ್ಲ ಗಟ್ಟಿಯಾಗಿ ಕೂರುತ್ತವೆ ಅಂದರೆ ಈ ಸೆಂಟ್ರಿಕ್ ರಿಲೇಷನ್ ಜಾತ್ರೆ ಯಾಕೆ? ಕಾಸ್ಟ್ ಕೈಯಲ್ಲಿ ಹಿಡಿದು ಜೋಡಿಸಿದರೆ ತಾನೇ ಕೂರುತ್ತದೆ. ಮಧ್ಯೆ ರೆಕಾರ್ಡ್ ತುರುಕಿದರೆ ಅದರ ದಪ್ಪವೇ ಹೊಸ ತಪ್ಪು ತರುತ್ತದೆ. ಎಷ್ಟೋ ಹೈ ಪಾಯಿಂಟ್‌ಗೆ (ಮೊದಲೇ ತಾಕುವ ಎತ್ತರದ ಜಾಗ) ಕಾರಣ ಬೇಡದ ಕಡೆ ಇಟ್ಟ ರೆಕಾರ್ಡೇ.

ಹಳೇ_ಪ್ರಾಸ್ತೋ:
ಒಪ್ಪಿದೆ ಮೇಡಂ, ಅರ್ಧ. ಕೊನೆಯ ದವಡೆ ಹಲ್ಲನ್ನೇ ಕೊರೆದಿದ್ದರೆ ಹಿಂದುಗಡೆ ಆಸರೆ ಹೋಯಿತು, ಕೈಯಲ್ಲಿ ಜೋಡಿಸಿದರೆ ಕಾಸ್ಟ್ ಆ ಕಡೆ ವಾಲುತ್ತದೆ. ಅಲ್ಲಿ ಕೊರೆದ ಹಲ್ಲಿನ ಮೇಲೆ ಮಾತ್ರ ಸಣ್ಣ ರೆಕಾರ್ಡ್ ಬೇಕೇ ಬೇಕು. ಪೂರ್ತಿ ದವಡೆಗೆ ಬೇಡ.

ದವಡೆ_ದನಿ:
ಕೊರೆದ ಹಲ್ಲಿನ ಮೇಲೆ ಮಾತ್ರ, ಹೌದು. ನಾನು ಬೈದಿದ್ದು ಲಾಳದ ತರ ಇಡೀ ದವಡೆಗೆ ಸಿಲಿಕೋನ್ ಸುರಿಯುವುದನ್ನು.

ಕಟ್ಟುಹಲ್ಲು_ಕಾಯಕ:
ಹಲ್ಲಿರುವವರ ಸಮಸ್ಯೆಗೇ ಇಷ್ಟು ಗೋಳಾ? ಪೂರ್ತಿ ಡೆಂಚರ್ ಕಡೆ ಬನ್ನಿ. ರೆಕಾರ್ಡ್ ಬೇಸ್ (ರೆಕಾರ್ಡ್ ತೆಗೆಯಲು ಇಡುವ ತಾತ್ಕಾಲಿಕ ತಟ್ಟೆ) ಮೆತ್ತನೆಯ ವಸಡಿನ ಮೇಲೆ ತೇಲುತ್ತಿರುತ್ತದೆ. ಒಂದು ಕಡೆ ಮೊದಲು ತಾಕಿದರೆ ಬೇಸ್ ವಾಲಿ ಎರಡೂ ಕಡೆ ತಾಕಿದ ಹಾಗೆ ತೋರಿಸುತ್ತದೆ. ಬಾಯಲ್ಲಿ ನೋಡಿದರೆ ಎಲ್ಲಾ ಚೆಂದ. ಅದಕ್ಕೇ ನಮ್ಮಲ್ಲಿ ಬಾಯನ್ನು ನಂಬುವುದಿಲ್ಲ, ಹೊಸ ರೆಕಾರ್ಡ್ ತೆಗೆದು ಆರ್ಟಿಕ್ಯುಲೇಟರ್ ಮೇಲೆ ನೋಡುತ್ತೇವೆ. ಡೆಂಚರ್ ಕೊಡುವ ದಿನ ಹಲ್ಲಿಗೆ ಹಲ್ಲು ತಾಕುವ ಮೊದಲೇ ನಿಲ್ಲಿಸಿ ರೆಕಾರ್ಡ್ ತೆಗೆದು, ಮತ್ತೆ ಮೌಂಟ್ ಮಾಡಿ ಸರಿಪಡಿಸಿದರೆ ಗಾಯ ಅಂತ ವಾಪಸ್ ಬರುವವರು ಕಡಿಮೆ. ಬಾಯಲ್ಲೇ ಕಾಗದ ಇಟ್ಟು ಉಜ್ಜಿದರೆ ಬೇಸ್ ವಾಲಿದ ಕಡೆಯನ್ನೇ ಉಜ್ಜುತ್ತಾ ಕೂರುತ್ತೀರಿ.

ಪಿಜಿ_ಪರದಾಟ:
ಡೆಂಚರ್‌ಗೆ ಗೋಥಿಕ್ ಆರ್ಚ್ ಟ್ರೇಸಿಂಗ್ (ದವಡೆಯ ಚಲನೆಯನ್ನು ಬಾಣದ ಆಕಾರದಲ್ಲಿ ಗೀಚಿಸುವುದು) ಮಾಡಿದರೆ ಈ ಪರೀಕ್ಷೆ ಬೇಡ ಅಲ್ವಾ? ಬಾಣದ ಮೊನೆ ಚೂಪಾಗಿ ಬಂದರೆ ಮುಗಿಯಿತು ಅಂತ ನಮ್ಮ ಸೀನಿಯರ್ ಹೇಳುತ್ತಾರೆ.

ಕಟ್ಟುಹಲ್ಲು_ಕಾಯಕ:
ಮೊನೆ ಚೂಪಾಗಿ ಬಂದರೆ ದವಡೆ ಒಂದೇ ಜಾಗಕ್ಕೆ ಮರಳುತ್ತಿದೆ ಅಂತ ಅರ್ಥ. ಆ ಜಾಗವನ್ನು ಕಾಸ್ಟ್ ಮೇಲೆ ತರುವಾಗ ಪ್ಲಾಸ್ಟರ್ ಹಾಕಿ ಕಟ್ಟುತ್ತೀರಲ್ಲ, ಅಲ್ಲಿ ತಪ್ಪಬಹುದು. ಎರಡನೇ ರೆಕಾರ್ಡ್ ತಗೊಳ್ಳಿ, ನಿಮ್ಮ ಸೀನಿಯರ್‌ಗೂ ಹೇಳಿ.

ಹಳೇ_ಪ್ರಾಸ್ತೋ:
ಮೊನೆಯ ಮಾತಿನಿಂದ ನೆನಪಾಯಿತು. ಮೂರು ರೆಕಾರ್ಡ್ ಹೊಂದಿಕೊಂಡವು ಅಂದರೆ ಮೂರೂ ಸರಿ ಎಂದಲ್ಲ. ಗದ್ದವನ್ನು ಒಂದೇ ತರ ಹಿಂದಕ್ಕೆ ತಳ್ಳುವ ಕೈ ಮೂರು ಸಲವೂ ಒಂದೇ ತಪ್ಪನ್ನು ಮಾಡುತ್ತದೆ. ನಾವು ಓದುವಾಗ ದವಡೆ ಪೂರ್ತಿ ಹಿಂದಕ್ಕೆ ಹೋಗಬೇಕು ಎಂದೇ ಹೇಳಿಕೊಡುತ್ತಿದ್ದರು. ನಮ್ಮ ಕೃತಕ ಹಲ್ಲಿನ ವಿಭಾಗದ 1987ರ ಪರಿಭಾಷಾ ಕೋಶದ ಹೊತ್ತಿಗೆ ಅದು ಬದಲಾಗಿ ಕಾಂಡೈಲ್ ಮೇಲಕ್ಕೂ ಮುಂದಕ್ಕೂ ಕೂತ ಜಾಗ ಅಂತಾಯಿತು. ಇನ್ನೂ ಗದ್ದ ತಳ್ಳುವವರಿದ್ದಾರೆ. ಡಾಸನ್ ರೀತಿಯಲ್ಲಿ ಎರಡೂ ಕೈಯಿಂದ ದವಡೆಯ ಕೆಳಗಂಚನ್ನು ಮೇಲಕ್ಕೆ ಆನಿಸಿ ಹಿಡಿಯುವುದೇ ಬೇರೆ, ತಳ್ಳುವುದೇ ಬೇರೆ.

ಅದಕ್ಕೆ ಕೊನೆಯ ಸಾಕ್ಷಿ ಬಾಯಿಯೇ. ದವಡೆಯನ್ನು ಸೆಂಟ್ರಿಕ್‌ನಲ್ಲಿ ಹಿಡಿದು ನಿಧಾನಕ್ಕೆ ಮುಚ್ಚಿ, ಮೊದಲು ಯಾವ ಹಲ್ಲಿನ ಯಾವ ಇಳಿಜಾರು ತಾಕುತ್ತದೆ ಎಂದು ತೆಳು ಕಾಗದದಲ್ಲಿ ಗುರುತು ಮಾಡಿ ಬರೆದಿಡಿ. ಆರ್ಟಿಕ್ಯುಲೇಟರ್ ಮೇಲೆ ರೆಕಾರ್ಡ್ ತೆಗೆದು ಮುಚ್ಚಿದಾಗ ಅದೇ ಹಲ್ಲು, ಅದೇ ಇಳಿಜಾರು ಮೊದಲು ತಾಕಬೇಕು. ಬಾಯಲ್ಲಿ ಬಲಗಡೆ ಎರಡನೇ ಮೋಲಾರ್, ಕಾಸ್ಟಿನಲ್ಲಿ ಎಡಗಡೆ ಪ್ರಿಮೋಲಾರ್ ಅಂದರೆ ಮೂರಲ್ಲ, ಹತ್ತು ರೆಕಾರ್ಡ್ ಹೊಂದಿಕೊಂಡರೂ ನಾನು ಮುಂದೆ ಹೋಗುವುದಿಲ್ಲ.

ಮಂಡೆಬಿಸಿ_ಡಾಕ್ಟರ್:
ಇದು ಬರೆದಿಟ್ಟಿದ್ದೇನೆ ಸರ್. ಬಾಯಲ್ಲಿ ಎಡಗಡೆ ಮೇಲಿನ ಎರಡನೇ ಮೋಲಾರ್, ಒಳಗಿನ ಮೊನೆಯ ಇಳಿಜಾರು.

ಹಳೇ_ಪ್ರಾಸ್ತೋ:
ಶಭಾಷ್. ಹಾಗಾದರೆ ಕೈಯಲ್ಲಿ ಉತ್ತರಪತ್ರಿಕೆ ಇದೆ.

ಸ್ಕ್ಯಾನರ್_ಪ್ರೇಮಿ:
ಈಗಲಾದರೂ ನನ್ನ ಸರದಿಯಾ? ಪ್ಲಾಸ್ಟರ್ ಉಬ್ಬುತ್ತದೆ, ಮೇಣ ಬಾಗುತ್ತದೆ, ಸಿಲಿಕೋನ್ ಎಗರುತ್ತದೆ, ಅಕ್ಷ ಅಂದಾಜು. ಇದ್ಯಾವುದೂ ನನಗಿಲ್ಲ. ಪೇಷಂಟ್ ಕಚ್ಚಿ ಹಿಡಿಯುತ್ತಾರೆ, ಕೆನ್ನೆ ಕಡೆಯಿಂದ ಸ್ಕ್ಯಾನ್, ಎರಡು ದವಡೆ ಜೋಡಣೆ. ನಡುವೆ ಯಾವ ವಸ್ತುವೂ ಇಲ್ಲ.

ಲ್ಯಾಬ್_ಮೂಲೆ:
ವಸ್ತು ಇಲ್ಲ, ತಪ್ಪಿದೆ. ನಮಗೆ ಬರುವ ಫೈಲ್‌ಗಳಲ್ಲಿ ಕೊನೆಯ ಮೋಲಾರ್‌ಗಳು ಒಂದರೊಳಗೊಂದು ಹೊಕ್ಕಿರುತ್ತವೆ. ಬಾಯಲ್ಲಿ ಹಲ್ಲಿನೊಳಗೆ ಹಲ್ಲು ಹೋಗುತ್ತದಾ ಹೇಳಿ? ಕೆಲವು ಸಲ ಬಲಗಡೆ ಹೊಕ್ಕು ಎಡಗಡೆ ಬಿಟ್ಟುಕೊಂಡಿರುತ್ತದೆ. ಪೂರ್ತಿ ದವಡೆ ಸ್ಕ್ಯಾನ್ ಮಾಡುವಾಗ ತುಣುಕು ತುಣುಕಾಗಿ ಹೊಲಿಯುತ್ತಾ ಹೋಗುತ್ತದೆ, ಸಣ್ಣ ತಪ್ಪು ಕೂಡುತ್ತಾ ಹೋಗುತ್ತದೆ. ಮೇಲೆ ಸಾಫ್ಟ್‌ವೇರ್ ತಾನೇ ಜಾಣ ಅಂತ ಹೊಕ್ಕಿದ್ದನ್ನು ಸರಿಸಿಕೊಡುತ್ತದೆ. ಯಾವ ಕಡೆ ಸರಿಸಿತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸ್ಕ್ಯಾನರ್_ಪ್ರೇಮಿ:
ಅದು ಸ್ಕ್ಯಾನ್ ಮಾಡಲು ಬಾರದವರ ಸಮಸ್ಯೆ. ನಾನು ಎರಡೂ ಬದಿಯಿಂದ ಬೈಟ್ ಸ್ಕ್ಯಾನ್ ಮಾಡುತ್ತೇನೆ.

ಗಣಿತ_ಗೀಳು:
ಪ್ಲಾಸ್ಟರ್ ಬೈಟಿಗೂ ಜನ ಹೀಗೇ ಹೇಳುತ್ತಿದ್ದರು, ಮೌಂಟ್ ಮಾಡಲು ಬಾರದವರ ಸಮಸ್ಯೆ ಅಂತ.

ದವಡೆ_ದನಿ:
ಇಬ್ಬರೂ ಒಂದು ನಿಮಿಷ ಸುಮ್ಮನಿರಿ. ಪರೀಕ್ಷೆ ಎರಡಕ್ಕೂ ಒಂದೇ. ಸ್ಕ್ಯಾನ್ ಮಾಡುವ ಮೊದಲು ಬಾಯಲ್ಲಿ ಶಿಮ್‌ಸ್ಟಾಕ್ ಇಟ್ಟು ಪ್ರತಿ ಜೋಡಿ ಹಲ್ಲು ಹಿಡಿಯುತ್ತದಾ, ಬಿಡುತ್ತದಾ ಬರೆದುಕೊಳ್ಳಿ. ಪರದೆ ಮೇಲೆ ತಾಕುವ ಜಾಗಗಳು ಆ ಪಟ್ಟಿಗೆ ಹೊಂದಬೇಕು. ಪ್ಲಾಸ್ಟರ್ ಆರ್ಟಿಕ್ಯುಲೇಟರ್‌ನಲ್ಲೂ ಅದೇ ಪಟ್ಟಿ. ಬಾಯಲ್ಲಿ ಹಿಡಿದ ಹಲ್ಲು ಅಲ್ಲಿ ಬಿಟ್ಟರೆ ಅಥವಾ ಬಿಟ್ಟದ್ದು ಹಿಡಿದರೆ ಮೌಂಟಿಂಗ್ ಮೇಲೆ ಅನುಮಾನ ಪಡಿ. ಪೂರ್ತಿ ಕಚ್ಚಿದ ಬೈಟಿಗೆ ಇದಕ್ಕಿಂತ ಸುಲಭದ ಪರೀಕ್ಷೆ ನಾನು ನೋಡಿಲ್ಲ. ಅಂದಹಾಗೆ ಪೇಷಂಟ್ ಜೋರಾಗಿ ಕಚ್ಚಿದರೆ ಹಲ್ಲು ಬುಡದಲ್ಲಿ ಸ್ವಲ್ಪ ಕುಸಿಯುತ್ತದೆ, ಪಟ್ಟಿಯೇ ಬದಲಾಗುತ್ತದೆ. ಎರಡೂ ಸಲ ಒಂದೇ ಬಲದಲ್ಲಿ ಕಚ್ಚಿಸಿ.

ಸ್ಕ್ಯಾನರ್_ಪ್ರೇಮಿ:
ಶಿಮ್‌ಸ್ಟಾಕ್ ಪಟ್ಟಿ ನಾನೂ ಮಾಡುತ್ತೇನೆ. ಅದನ್ನು ಒಪ್ಪುತ್ತೇನೆ. ಪ್ಲಾಸ್ಟರ್ ಒಪ್ಪುವುದಿಲ್ಲ.

ಪಿಜಿ_ಪರದಾಟ:
ಇನ್ನೊಂದು ಡೌಟು. ಪ್ರೊಟ್ರೂಸಿವ್ ರೆಕಾರ್ಡಿಗೂ (ದವಡೆ ಮುಂದೆ ತಂದು ತೆಗೆಯುವುದು) ಹೀಗೇ ಎರಡನೆಯದು ತೆಗೆದು ನೋಡಬೇಕಾ? ನಾವು ಕಾಂಡೈಲ್ ಕೋನ ಇಟ್ಟು ಪಕ್ಕದ ಚಲನೆಯ ಕೋನಕ್ಕೆ ಹನಾವ್ ಸೂತ್ರ ಹಾಕಿ ಮುಂದೆ ಹೋಗುತ್ತೇವೆ, ಎಚ್ (ಅದೇ ಕಾಂಡೈಲ್ ಕೋನ) ಭಾಗಿಸು 8, ಕೂಡಿಸು 12. ಕೋನ 30 ಬಂದರೆ 15.75.

ಹಳೇ_ಪ್ರಾಸ್ತೋ:
ಸೂತ್ರಕ್ಕೆ ಕೊಡುವ ಎಚ್ ತಪ್ಪಾಗಿದ್ದರೆ 15.75ರ ಆ ಮುಕ್ಕಾಲು ಡಿಗ್ರಿಗೆ ಏನು ಬೆಲೆ? ಪ್ರೊಟ್ರೂಸಿವ್ ರೆಕಾರ್ಡ್ ಇನ್ನೂ ಜಾಸ್ತಿ ಚಂಚಲ. ಪೇಷಂಟ್ ಒಂದು ಬದಿಗೆ ಎಳೆದುಕೊಂಡು ಮುಂದೆ ಬರುತ್ತಾರೆ, ಆಗ ಎಡ ಬಲ ಕೋನಗಳಲ್ಲಿ ತುಂಬಾ ಅಂತರ ಬರುತ್ತದೆ. ದವಡೆ ತೀರಾ ಕಡಿಮೆ ಮುಂದೆ ಬಂದರೆ ಗುಂಡು ಇಳಿಜಾರಿನಲ್ಲಿ ಸರಿಯುವ ದೂರವೇ ಸಾಲದು, ಕೋನ ಓದುವುದರಲ್ಲಿ ತಪ್ಪಾಗುತ್ತದೆ. 5ರಿಂದ 6 ಮಿಮೀ ಮುಂದೆ ತಂದು ತೆಗೆಯಿರಿ, ಎರಡು ತೆಗೆದು ಎರಡೂ ಕೋನ ಹೋಲಿಸಿ. ಆದರೆ ಇದಕ್ಕೆ ಮೊದಲು ಸೆಂಟ್ರಿಕ್ ಮೌಂಟಿಂಗ್ ಗಟ್ಟಿಯಾಗಲಿ. ಅದು ತಪ್ಪಿದ್ದರೆ ಈ ಕೋನವೂ ಸುಳ್ಳು.

ಮಂಡೆಬಿಸಿ_ಡಾಕ್ಟರ್:
ಅಪ್‌ಡೇಟ್. ಲ್ಯಾಬ್ ಅಣ್ಣ ಹೇಳಿದಂತೆ ಮೂರೂ ರೆಕಾರ್ಡ್ ಕೊಯ್ದೆ. ಗುಳಿಯೊಳಗಿನ ಏಣು, ವಸಡಿನ ಅಂಚು ಎಲ್ಲಾ ತೆಗೆದೆ. ಕೆಳಗಿನ ಕಾಸ್ಟಿನ ಒಂದು ಮೋಲಾರ್‌ನಲ್ಲಿ ಸಣ್ಣ ಉಬ್ಬು ಸಿಕ್ಕಿತು, ಅದನ್ನೂ ತೆಗೆದೆ. ಮೇಲಿನ ಕಾಸ್ಟ್ ಮೌಂಟಿಂಗ್ ಒಡೆದು, ಕಚ್ಚು ಕೊರೆದು, ಫೇಸ್‌ಬೋ ರೆಕಾರ್ಡ್‌ನಿಂದಲೇ ಮತ್ತೆ ಮೌಂಟ್ ಮಾಡಿದೆ. ಕೆಳಗಿನದನ್ನೂ ಮೊದಲನೇ ರೆಕಾರ್ಡಿನಲ್ಲಿ ಹೊಸದಾಗಿ ಮೌಂಟ್ ಮಾಡಿದೆ.

ಎರಡನೆಯದು ಈಗ ಪೂರ್ತಿ ಕೂರುತ್ತದೆ. ಸಂದಿಲ್ಲ. ಮೂರನೆಯದು ಇಟ್ಟರೆ ಹಿಂದುಗಡೆ ಸಂದು, ಎರಡೂ ಬದಿಗೆ ಒಂದೇ ಸಮ. ಎಡಗಡೆ ಎರಡನೇ ಮೋಲಾರ್ ಮೊದಲು ತಾಕುತ್ತದೆ, ಬಾಯಲ್ಲಿ ಇದ್ದ ಹಾಗೇ.

ಗಣಿತ_ಗೀಳು:
ಎರಡೂ ಬದಿಗೆ ಸಮ ಅಂದರೆ ದಪ್ಪದ ಮೇಲೆಯೇ ನನ್ನ ಅನುಮಾನ. ಓರೆ ಸಂದು ಆಗಿದ್ದರೆ ದವಡೆ ಒಂದು ಬದಿಗೆ ಜಾರಿದೆ ಎನ್ನಬಹುದಿತ್ತು.

ಲ್ಯಾಬ್_ಮೂಲೆ:
ಮೂರನೆಯದನ್ನು ಕಸದ ಬುಟ್ಟಿಗೆ ಹಾಕಿ, ಮುಂದಿನ ಕೆಲಸ ನೋಡಿ. ಮೌಂಟಿಂಗ್ ಪ್ಲಾಸ್ಟರ್ ಒಂದೇ ಸಲ ತುಂಬಿದ್ರಾ?

ಮಂಡೆಬಿಸಿ_ಡಾಕ್ಟರ್:
ಹೌದು, ಒಂದೇ ಸಲ. ತಪ್ಪಾ?

ಲ್ಯಾಬ್_ಮೂಲೆ:
ದಪ್ಪ ಜಾಸ್ತಿ ಇದ್ದರೆ ಎರಡು ಸಲಕ್ಕೆ ಹಾಕಿ. ಮೊದಲು ಕಾಸ್ಟಿಗೆ ಸ್ವಲ್ಪ, ಗಟ್ಟಿಯಾದ ಮೇಲೆ ಉಳಿದ ಸಣ್ಣ ಸಂದಿಗೆ ಇನ್ನಷ್ಟು. ಪ್ಲಾಸ್ಟರ್ ಗಟ್ಟಿಯಾಗುವಾಗ ಹಿಗ್ಗುತ್ತದೆ, ಹಾಕಿದ್ದು ಕಡಿಮೆ ಇದ್ದರೆ ಹಿಗ್ಗುವುದೂ ಕಡಿಮೆ. ಹಿಗ್ಗು ಕಡಿಮೆ ಇರುವ ಮೌಂಟಿಂಗ್ ಸ್ಟೋನ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾಸ್ಟಿನ ತಳ ಒದ್ದೆ ಮಾಡಿಯೇ ಹಾಕಿ, ಇಲ್ಲದಿದ್ದರೆ ಒಣ ಕಾಸ್ಟ್ ನೀರು ಎಳೆದುಕೊಂಡು ಹಿಡಿತ ಬರುವುದಿಲ್ಲ. ಉಪಕರಣ ತಲೆಕೆಳಗು ಇಟ್ಟಾಗ ಲಾಕ್ ಹಾಕಿದೆಯಾ, ಗುಂಡು ಗೂಡಿನಲ್ಲಿದೆಯಾ, ಪಿನ್ ರೆಕಾರ್ಡಿನ ದಪ್ಪಕ್ಕೆ ತಕ್ಕಷ್ಟು ಎತ್ತಿದೆಯಾ ನೋಡಿ. ಗಟ್ಟಿಯಾದ ಮೇಲೆ ಪಿನ್ ಟೇಬಲ್ ಬಿಟ್ಟು ಎದ್ದಿದ್ದರೆ ಪ್ಲಾಸ್ಟರ್ ತಳ್ಳಿದೆ ಅಂತಲೇ. ಹಳೇ ಉಪಕರಣ ಆದರೆ ಮೊದಲು ಖಾಲಿ ಇರುವಾಗಲೇ ಅಲ್ಲಾಡಿಸಿ ನೋಡಿ, ಸವೆದ ಲಾಕ್ ಇಟ್ಟುಕೊಂಡು ರೆಕಾರ್ಡ್ ಪರೀಕ್ಷೆ ಮಾಡುವವರನ್ನೂ ನೋಡಿದ್ದೇನೆ.

ಪಿಜಿ_ಪರದಾಟ:
ಸ್ಪ್ಲಿಟ್ ಕಾಸ್ಟಿಗೆ ಸೆಪರೇಟಿಂಗ್ ಮೀಡಿಯಂ ಬದಲು ವ್ಯಾಸಲಿನ್ ಹಚ್ಚಬಹುದಾ?

ಲ್ಯಾಬ್_ಮೂಲೆ:
ತೆಳ್ಳಗೆ ಒರೆಸಿದ ಹಾಗೆ ಇದ್ದರೆ ನಡೆಯುತ್ತದೆ. ದಪ್ಪ ಹಚ್ಚಿದರೆ ಅದೇ ಸಂದಾಗುತ್ತದೆ, ಆಮೇಲೆ ರೆಕಾರ್ಡನ್ನು ಬೈಯುತ್ತೀರಿ.

ಮಂಡೆಬಿಸಿ_ಡಾಕ್ಟರ್:
ಕೊನೆಯ ಪ್ರಶ್ನೆ, ಆಣೆ. ಎರಡನೇ ರೆಕಾರ್ಡ್ ಕೂತಿದೆ ಅಂದೆನಲ್ಲ, ಕಣ್ಣಿಗೆ ಸಂದು ಕಾಣದಿದ್ದರೆ ಸಾಕಾ, ಅಥವಾ ಇನ್ನೇನಾದರೂ ಮಾಡಬೇಕಾ?

ಹಳೇ_ಪ್ರಾಸ್ತೋ:
ಕಾಸ್ಟಿಗೂ ಮೌಂಟಿಂಗ್ ಪ್ಲಾಸ್ಟರಿಗೂ ನಡುವೆ ನಾಲ್ಕೂ ಮೂಲೆಯಲ್ಲಿ ಶಿಮ್‌ಸ್ಟಾಕ್ ತುಂಡು ಇಟ್ಟು ಮುಚ್ಚಿ, ಎಳೆಯಿರಿ. ನಾಲ್ಕೂ ಹಿಡಿದರೆ ಮುಂದಕ್ಕೆ ಹೋಗಿ. ಒಂದು ಮೂಲೆ ಬಿಟ್ಟರೂ ಲೀಫ್ ಗೇಜ್ ಇಟ್ಟು ಇನ್ನೆರಡು ರೆಕಾರ್ಡ್ ತೆಗೆಯಿರಿ.

ಮಂಡೆಬಿಸಿ_ಡಾಕ್ಟರ್:
ಮೂರು ಹಿಡಿದವು. ಬಲಗಡೆ ಹಿಂದಿನದು ಜಾರಿ ಬರುತ್ತಿದೆ. ಪೇಷಂಟಿಗೆ ಫೋನ್ ಮಾಡುತ್ತಿದ್ದೇನೆ.

ಸ್ಕ್ಯಾನರ್_ಪ್ರೇಮಿ:
ಬಂದಾಗ ಒಂದು ಸ್ಕ್ಯಾನೂ ಮಾಡಿಬಿಡಿ ಡಾಕ್ಟ್ರೇ 😄